ಹೇಳದೆ ಹೋದ ಕಣ್ಣಿನ ಕೆಂಪಿಗೆ

ಮಾನ್ಯ ಕಣ್ಣಿನ ಕೆಂಪಿನವರೇ,

ಇಂಡಿಯಿಂದ ಸಿದ್ದಲಿಂಗನ ಶರಣು ಶರಣಾರ್ಥಿ. ಒಂಬತ್ತು ತಿಂಗಳು ನನ್ನ ಎರಡೂ ಕಣ್ಣುಗಳಲ್ಲಿ ಬಿಡಾರ ಹೂಡಿ, ಹೋಗುತ್ತ ಬರುತ್ತ ಇದ್ದ ತಾವು ಕಳೆದ ವಾರ ಒಂದು ಮಾತೂ ತಿಳಿಸದೆ ಹೊರಟೇಹೋದ ಬಗ್ಗೆ, ನಾಲ್ಕು ಜನರಿಗೆ ಕಾಣುವಂತೆ ಈ ದೂರನ್ನು ಬರೆಯುತ್ತಿದ್ದೇನೆ.

ತಾವು ಮೊದಲು ಬಂದದ್ದು ನನ್ನ ಹೆಂಡತಿ ಬಾಳಮ್ಮ ತೀರಿಕೊಂಡ ಹದಿನೈದನೆಯ ದಿನ. ಓಣಿಯವರು ತಮ್ಮನ್ನು ನನ್ನ ಅಳು ಎಂದೇ ತಿಳಿದರು. ಪಕ್ಕದ ಮನೆಯ ಹೊನ್ನವ್ವ ದಿನಾ ಸಂಜೆ ಬಿಸಿ ರೊಟ್ಟಿ ತಂದಿಟ್ಟು, "ಎಷ್ಟಂತ ಅಳ್ತೀರಿ ಕಾಕಾ, ಕಣ್ಣರ ನೋಡ್ಕೋರಿ" ಎಂದು ಹೋಗುತ್ತಿದ್ದಳು. ನಿಜ ಹೇಳಬೇಕೆಂದರೆ ನನಗೆ ಅಳು ಬಂದಿರಲಿಲ್ಲ. ಕಾದು ಕೂತರೂ ಬಂದಿರಲಿಲ್ಲ. ಆದರೂ ರೊಟ್ಟಿ ತಿಂದೆ.

ತಮ್ಮ ಮೂಲ ಹುಡುಕುತ್ತ ನಿಂಬೆ ತೋಟದ ಔಷಧಿಯ ಗಾಳಿ, ಸಕ್ಕರೆ ಕಾರ್ಖಾನೆಯ ಹೊಗೆ, ಹೊಸ ಸಾಬೂನು, ಹಳೆಯ ಫ್ಯಾನು ಇವರೆಲ್ಲರ ಮೇಲೂ ಸಂಶಯಪಟ್ಟೆ. ಅವರೆಲ್ಲರ ಕ್ಷಮೆಯನ್ನು ಈ ಮೂಲಕ ಕೇಳುತ್ತೇನೆ. ಮುದ್ದೇಬಿಹಾಳದ ಕಣ್ಣಿನ ಡಾಕ್ಟರು ಹನಿ ಔಷಧಿ ಕೊಟ್ಟು, ಕಣ್ಣಿನ ಹತ್ತಿರ ಏನಾದರೂ ಹಚ್ಚುತ್ತೀರಾ ಎಂದು ಕೇಳಿದಾಗ, ಕಾಡಿಗೆ ಹಚ್ಚುವ ವಯಸ್ಸೇ ನನ್ನದು ಎಂದುಕೊಂಡು ಇಲ್ಲವೆಂದೆ. ಆದರೆ ನಾನು ಬರೆದಿಡುತ್ತಿದ್ದ ದಿನಚರಿ ಬೇರೆಯೇ ಹೇಳುತ್ತಿತ್ತು: ಸಿಂದಗಿಯ ತಂಗಿ ಸುನಂದಾಳ ಮನೆಯಲ್ಲಿದ್ದ ಮೂರು ಸಲವೂ ತಾವು ಎರಡೇ ದಿನಕ್ಕೆ ಮಾಯ, ಇಂಡಿಗೆ ಮರಳಿದ ಮರುದಿನ ಹಾಜರು.

ಅದನ್ನು ಫೋನಿನಲ್ಲಿ ಓದಿ ಹೇಳಿದ್ದೇ ಸುನಂದಾ ತಾನೇ ಇಂಡಿಗೆ ಬಂದಳು. ನಾನು ಸ್ನಾನ ಮುಗಿಸಿ ಒಣ ವಿಭೂತಿಯನ್ನು ಪುಡಿಮಾಡಿ ಹಣೆಗೆ ಬಳಿದುಕೊಳ್ಳುವುದನ್ನು, ಅದು ಉದುರಿ ಕಣ್ಣಿಗೆ ಬೀಳುವುದನ್ನು ನೋಡಿದಳು.

"ಅಣ್ಣಾ, ಗ್ವಾಡಿಗೆ ಸುಣ್ಣಾ ಹೊಡ್ಯಾಕತ್ತೀಯೇನು? ವೈನಿ ದಿನಾ ನೀರಾಗ ಕಲಸಿ ಕೊಡ್ತಿದ್ಳಲ್ಲ."

ಸಿಂದಗಿಯಲ್ಲಿ ತಾನು ಕೊಡುತ್ತಿದ್ದುದೂ ಕಲಸಿದ್ದೇ ಅಂತೆ. ಇಪ್ಪತ್ತೆಂಟು ವರ್ಷ ಬಾಳಮ್ಮ ಬಟ್ಟಲಲ್ಲಿ ಹಿಡಿದು ನಿಂತ ವಿಭೂತಿ ಹಣೆಗೆ ತಂಪಾಗಿರುತ್ತಿತ್ತು. ವಿಭೂತಿಯ ಗುಣವೇ ತಂಪು ಎಂದು ತಿಳಿದಿದ್ದೆ. ಆ ತಂಪು ಅವಳು ಹಾಕಿದ ನೀರಿನದು ಎಂದು ಗೊತ್ತಿರಲಿಲ್ಲ.

ಈಗ ನಾನೇ ಕಲಸಿ ಹಚ್ಚುತ್ತೇನೆ; ತಾವು ಹೋದಿರಿ. ದೂರು ಇರುವುದು ಇಲ್ಲಿಯೇ. ನಾನು ಮಾತು ಕಡಿಮೆಯವನು. ಇಷ್ಟು ದಿನ ನನ್ನ ಪರವಾಗಿ ತಾವೇ ಮಾತಾಡಿದಿರಿ, ಅದೂ ಯಾರೂ ಎದುರಾಡದಷ್ಟು ಗಾಂಭೀರ್ಯದಿಂದ. ತಾವು ತೆರಳಿದ ಸುದ್ದಿ ಬಸವನ ಬಾಗೇವಾಡಿ ಮುಟ್ಟಿದ್ದೇ ತಡ, ನನಗಾಗಿ ಹೊಸ ಸಂಬಂಧ ನೋಡಿಟ್ಟುಕೊಂಡು ಕಾಯುತ್ತಿದ್ದ ಸೋದರಮಾವ ಶಂಕರೆಪ್ಪನವರ ಫೋನು ಬಂತು. "ಕಣ್ಣು ತಿಳಿ ಆಗ್ಯಾವಂತ, ಇನ್ನ ತಡಾ ಯಾಕ? ಐತವಾರ ಹೆಣ್ಣಿನವರನ್ನ ಕರ್ಕೊಂಡ ಬರ್ತೇನಿ." ಹಿರಿಯರಿಗೆ ಒಲ್ಲೆ ಎನ್ನಲು ನನಗೆ ಬಾಯಿಲ್ಲ.

ಆದ್ದರಿಂದ ಭಾನುವಾರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದ ಊಟ ಮುಗಿಯುವವರೆಗೆ ತಾವು ದಯಮಾಡಿಸಬೇಕು. ಉರಿ ಮತ್ತು ತುರಿಕೆಯನ್ನು ಜೊತೆಗೆ ಕರೆತರದಿದ್ದರೆ ಇನ್ನೂ ಉಪಕಾರ. ಒಣ ವಿಭೂತಿಯಿಂದಲೇ ತಮ್ಮನ್ನು ಕರೆಸಬಹುದಿತ್ತು. ಆದರೆ ಬಟ್ಟಲಿಗೆ ನೀರು ಹಾಕುವ ಕೆಲಸವನ್ನು ಇನ್ನು ಒಂದು ದಿನವೂ ತಪ್ಪಿಸಲಾರೆ.

ದಾರಿ ಕಾಯುತ್ತಿರುವ, ತಮ್ಮ ವಿಶ್ವಾಸಿ,
ಸಿದ್ದಲಿಂಗ

ವಿ.ಸೂ.: ಬರುವುದಾದರೆ ಎರಡೂ ಕಣ್ಣಿಗೆ ಬನ್ನಿ. ಒಂದಕ್ಕೇ ಬಂದರೆ ಮಾವನವರು ಅದನ್ನು ಅರ್ಧ ಒಪ್ಪಿಗೆ ಎಂದು ಹಿಡಿದು ಮುಹೂರ್ತ ತೆಗೆಸಿಯಾರು.