ಅಕ್ಕನ ಟೇಕ್ ಪಾಠ

ಇಂಗ್ಲಿಷಿನ ಒಂದ ಶಬ್ದದ ಮ್ಯಾಲ ಇಡೀ ಜನ್ಮ ದಾಟಸೂವಂಥಾಕಿ ಬೆಳಗಾವಿಯೊಳಗ ಒಬ್ಬಾಕಿ ಅದಾಳ. ಅಕಿ ನಮ್ಮ ಅಕ್ಕ! ಸಾಲಿಯಿಂದ ಅಕಿ ರಿಟೈರ್ ಆದ್ಲು, ಅಕಿ ದನಿ ಇನ್ನೂ ಆಗಿಲ್ಲ. ಸಾಲಿ ಹುಡುಗೂರನ್ನ ಬಿಟ್ರ ಅಕಿಗೆ ಮಕ್ಕಳಿಲ್ಲ. ಹಿಂಗಾಗಿ ಹಲ್ಲು ಉದುರಿದ್ರೂ ನನ್ನ ಕಿವಿ ಅಕಿ ಕೈಯಾಗ!

ಅನಗೋಳದ ಅಕಿ ಮನಿ ಮ್ಯಾಲಿನ ಖೋಲಿಗೆ ತೈವಾನಿನ ಗಂಡ-ಹೆಂಡ್ತಿ ಬಾಡಿಗಿಗೆ ಬಂದ್ರು. ಗಂಡಗ ಖಾನಾಪುರದ ಹಂಚಿನ ಕಾರ್ಖಾನ್ಯಾಗ ಮಷೀನ್ ಕೂಡಸೂ ಕೆಲಸ. ಹೆಂಡ್ತಿ ಬಸುರಿ. ಚೀನೀ ಮಾತು ಬಿಟ್ರ ಮತ್ತೇನೂ ಬರೂದಿಲ್ಲ, ತವರು ಸಮುದ್ರದ ಆಚೆ. ನೋವು ಬಂದಾಗ ಡಾಕ್ಟರ್ ಹೇಳಿದ್ದು ತಿಳೀಬೇಕೋ ಬ್ಯಾಡೋ? "ಹೆರಿಗಿ ಆಗೂದ್ರೊಳಗ ಇಂಗ್ಲಿಷ್ ಕಲಸ್ತೀನಿ" ಅಂತ ಅಕ್ಕ ಸೆರಗು ಸಿಗಿಸಿದ್ಲು.

ಪಾಠ ಯಾವದು? 'ಟೇಕ್'! "ಇದೊಂದು ಬಂದ್ರ ಅರ್ಧಾ ಇಂಗ್ಲಿಷ್ ಬಂದಂಗ!" ಟೇಕ್ ಟೀ, ಟೇಕ್ ಮೆಡಿಸಿನ್, ಟೇಕ್ ಬಸ್. ಹುಡುಗಿ ಕಣ್ಣು ಪಿಳಿಪಿಳಿ. ಗಂಡ ಹರಕು-ಮುರಕು ಇಂಗ್ಲಿಷಿನ್ಯಾಗ ಬಿಡಿಸಿ ಹೇಳಿದ: ಅವರ ಮಾತಿನ್ಯಾಗ ಚಹಾ ಕುಡೀತಾರಂತ, ಔಷಧ ತಿಂತಾರಂತ, ಬಸ್ಸಿನ್ಯಾಗ ಕುಂದರ್ತಾರಂತ. ಎಲ್ಲಾದಕ್ಕೂ ಒಂದ ಶಬ್ದ ಹಚ್ಚೂ ಇಂಥಾ ಜಿಪುಣರು ಯಾರಪ್ಪಾ!

ಅಕ್ಕ ಹೇಳಿ ಕಲಸಾಕಿ ಅಲ್ಲ, ಮಾಡಿಸಿ ಕಲಸಾಕಿ. 'ಟೇಕ್ ಬಸ್' ಅಂತ ಖಾನಾಪುರದ ಬಸ್ಸಿಗೇ ಹತ್ತಿಸಿದ್ಲು. "ಬಸುರಿ ಹೆಣ್ಮಗಳು, ಯಾರರ ಜಾಗಾ ಬಿಡ್ರಿ!" ಅಂತ ಕನ್ನಡದಾಗೊಮ್ಮೆ, ಮರಾಠಿಯೊಳಗೊಮ್ಮೆ ಒದರಿದ್ಲು. ಒಬ್ಬ ಪುಣ್ಯಾತ್ಮ ಎದ್ದ. ಯಾರು ಅಂತೀರಿ? ನಾನs! ಖಾನಾಪುರ ಮಟಾ ಜೋತಾಡಿದೆ.

ಮುಂದ 'ಟೇಕ್ ಹೋಳಿಗಿ'. ಅಕ್ಕ ಕೊಟ್ರ ಹುಡುಗಿ ತಲಿ ಅಲ್ಲಾಡಿಸಿದ್ಲು. ಆಮ್ಯಾಲೆ ಗಂಡ ಹೇಳಿದ, ಕೊಟ್ಟ ಕೂಡಲೇ ತಗೊಂಡ್ರ ಅವರಲ್ಲಿ ಆಸೆಬುರುಕಿ ಅಂತಾರಂತ. ಬ್ಯಾಡ ಬ್ಯಾಡ ಅಂದು, ಒತ್ತಾಯ ಮಾಡಿಸ್ಕೊಂಡು, ಕಡೀಕ ಎರಡೂ ಕೈಲೆ ತಗೋಬೇಕು. ನಮ್ಮ ಅಕ್ಕಗೋ ಬ್ಯಾಡ ಅನ್ನೂದs ಕಿವಿಗೆ ಬೀಳೂದಿಲ್ಲ!

"ಟೇಕ್! ಬ್ಯಾಡ ಅಂದ್ರ ಹೊಟ್ಯಾಗಿನ ಕೂಸಿಗೆ ಯಾರವ್ವಾ ಉಣಸೋರು?"

ಇಬ್ಬರ ಮರ್ಯಾದಿಯೊಳಗ ಹೋಳಿಗಿ ಆರಿ ಹೊಂಟಿತ್ತು. ಅನ್ನ ಕೆಡಸಬಾರದಲ್ಲ? ನಾ ತಿಂದು ಮುಗಿಸಿದೆ!

ನಾನೂ ಗುಟ್ಟಾಗಿ ಒಂದು ಪಾಠ ಹೇಳಿದ್ದೆ. ಅಕ್ಕ ಒದರಾಕ ಸುರು ಮಾಡಿದ್ಲಂದ್ರ, ಕೈ ಹಿಡದು "ಅಕ್ಕಾ, ಟೇಕ್ ಬ್ರೆಥ್" ಅನ್ನಬೇಕು. ಹುಡುಗಿ ಅಂದs ಬಿಟ್ಲು. ಅಕ್ಕ ಬಾಯಿ ತೆರದಾಕಿ ಹಂಗs ನಿಂತ್ಲು. ನಾ ಅರವತ್ತು ವರ್ಷ ಹೆಣಗಿದ್ರೂ ಆಗದ ಕೆಲಸ!

"ಖೋಡಿ, ಇದು ನಿಂದs ಪಾಠ ಹೌದಲ್ಲೋ?"

"ಮಾಸ್ತರ್ ಚಲೋ ಇದ್ರ ಹಿಂಗs ನೋಡವಾ!"

ಒಂದಿನ ಮಧ್ಯಾಹ್ನ ನೋವು ಬಂತು. ಗಂಡ ಖಾನಾಪುರದಾಗ. ನಾವಿಬ್ಬರೂ ಆಟೋದಾಗ ದವಾಖಾನಿಗೆ ಕರಕೊಂಡು ಹೋದ್ವಿ. ಹೆರಿಗಿ ಖೋಲಿ ಬಾಗಲದಾಗ ಲೇಡಿ ಡಾಕ್ಟರ್ ಇಂಗ್ಲಿಷಿನ್ಯಾಗ ಉಸಿರು ಜಗ್ಗು ಅಂದ್ರು, ಹುಡುಗಿ ಜಗ್ಗಿದ್ಲು. ಮತ್ತೊಂದು ಹೇಳಿದ್ರು, ಅದನ್ನೂ ಮಾಡಿದ್ಲು. ಪಾಠ ಹತ್ತಿತ್ತು! ಆದ್ರ ಅಕ್ಕ? ಇಂಗ್ಲಿಷ್ ಹೋಗ್ಲಿ, ಕನ್ನಡಾನೂ ಮರ್ತು ಬರೇ 'ಅಯ್ಯ, ಅಯ್ಯ' ಅನ್ನಾಕ ಹತ್ತಿದ್ಲು. ಸ್ಟ್ರೆಚರ್ ಮ್ಯಾಲಿಂದ, ನೋವಿನ ನಡುವ, ಹುಡುಗಿ ಅಕಿ ಕೈ ಒತ್ತಿದ್ಲು.

"ಅಕ್ಕಾ, ಟೇಕ್ ಬ್ರೆಥ್."

ಈ ಸಲ ನಾ ನಗಲಿಲ್ಲ.

ಸಂಜಿಮುಂದ ಹೆಣ್ಣುಕೂಸು ಆತು. ತಾಯಿ ಎರಡೂ ಕೈಲೆ ಕೂಸು ಎತ್ತಿ ಮುಂದ ಹಿಡದ್ಲು. "ಅಕ್ಕಾ, ಟೇಕ್."

ಅಕ್ಕ ಹಿಂದ ಸರದ್ಲು. "ಬ್ಯಾಡವ್ವಾ, ಕೈ ತೊಳಕೊಂಡಿಲ್ಲ."

"ಟೇಕ್."

"ಮೊದಲ ಅವರಪ್ಪ ಬರ್ಲೆವ್ವಾ..."

ಹುಡುಗಿ ನಕ್ಲು, ಕೈ ಇಳಿಸಲಿಲ್ಲ. ಮನಸ್ಸಿದ್ದೋರು ಬ್ಯಾಡ ಅನ್ನೂದು ಹೆಂಗಿರ್ತೈತಿ ಅಂತ ಅಕಿಗೆ ಯಾರೂ ಕಲಸಬೇಕಾಗಿರಲಿಲ್ಲ.

"ಟೇಕ್, ಅಕ್ಕಾ."

ಅಕ್ಕ ಸೆರಗಿಗೆ ಕೈ ಒರಸಿಕೊಂಡು, ಎರಡೂ ಕೈ ಚಾಚಿದ್ಲು.