ಪದವಿನಲ್ಲಿ ಮೊಟ್ಟೆಯಿಟ್ಟ ‘ಮಾರಾಯ’ನ ಕುರಿತು

ಪುನರ್ಜೀವ ಬಯೋಟೆಕ್ ಸಂಸ್ಥೆಯ ಮುಖ್ಯಸ್ಥರಿಗೆ,

ಮಾನ್ಯರೇ,

ಅಳಿದುಹೋದ ಜೀವಿಗಳನ್ನೆಲ್ಲ ಮತ್ತೆ ಎಬ್ಬಿಸಲು ಟೊಂಕ ಕಟ್ಟಿ ನಿಂತಿರುವ ತಮಗೆ, ಇನ್ನೂ ಅಳಿಯದೆ ಉಳಿದಿರುವ ಬಜಪೆಯ ಟೈಲರ್ ಅಪ್ಪಿಯ ಸವಿನಯ ನಮಸ್ಕಾರಗಳು. ರವಿಕೆ ಹೊಲಿಯುವವಳಿಗೆ ವಿಜ್ಞಾನದ ಉಸಾಬರಿ ಯಾಕೆ ಎಂದು ತಾವು ಕೇಳಬಹುದು. ತಮ್ಮ ವಿಜ್ಞಾನವೇ ಜೆಸಿಬಿ ಹತ್ತಿಕೊಂಡು ನಮ್ಮ ಹಿತ್ತಲಿನ ಪದವಿಗೆ, ಎಂದರೆ ಕಲ್ಲುಬಯಲಿಗೆ, ಬಂದಿರುವುದರಿಂದ ಬರೆಯಬೇಕಾಯಿತು.

ಮಂಗಳೂರಿನ ಹಂಪನಕಟ್ಟೆಯಲ್ಲಿ ತಾವು ನಿಲ್ಲಿಸಿದ್ದ ಮಾತಾಡುವ ಯಂತ್ರವು ಬಸ್ಸಿಗೆ ಕಾಯುವವರನ್ನೆಲ್ಲ ಕರೆದು, ನಿಮ್ಮ ಊರಿನಿಂದ ಕಣ್ಮರೆಯಾದ ಜೀವಿ ಯಾವುದು, ಹೇಳಿದರೆ ಹುಟ್ಟಿಸಿಕೊಡುತ್ತೇವೆ ಎಂದು ವಿಚಾರಿಸಿತಷ್ಟೆ. ನಮ್ಮ ಜನ ಧಾರಾಳವಾಗಿಯೇ ಉತ್ತರಿಸಿದರು. “ಗುಬ್ಬಿ ಈಗ ಎಲ್ಲಿ ಉಂಟು ಮಾರಾಯ” ಎಂದರು. “ಮೊದಲು ಎಷ್ಟಿತ್ತು ಮಾರಾಯ, ಈಗ ನೋಡ್ಲಿಕ್ಕೇ ಸಿಗುದಿಲ್ಲ” ಎಂದರು. ತಮ್ಮ ಕೃತಕ ಬುದ್ಧಿ ಇದನ್ನೆಲ್ಲ ಅರೆದು ಕುಡಿದು, ಮಂಗಳೂರಿಗರು ಅತಿ ಹೆಚ್ಚು ಹಂಬಲಿಸುವ ಅಳಿದ ಜೀವಿ ‘ಮಾರಾಯ’ ಎಂದೂ, ಅದರ ಹೆಣ್ಣಿಗೆ ‘ಮಾರಾಯ್ತಿ’ ಎನ್ನುತ್ತಾರೆಂದೂ ಸಾರಿಬಿಟ್ಟಿತು. ತಾವು ಪತ್ರಿಕೆಗೆ ಕೊಟ್ಟ ಚಿತ್ರದಲ್ಲಿ ಮಾರಾಯನಿಗೆ ಮಂಗಟ್ಟೆ ಹಕ್ಕಿಯ ಕೊಕ್ಕು, ನೀರುನಾಯಿಯ ಬಾಲ. ಎದುರು ಸಿಕ್ಕವರನ್ನೆಲ್ಲ ನಾವು ಹಾಗೆ ಕರೆಯುವುದು, ಮಾನ್ಯರೇ. ನಾನೂ ಬುದ್ಧಿ ಬಂದಾಗಿನಿಂದ ಮಾರಾಯ್ತಿಯೇ, ಈವರೆಗೆ ಬಾಲ ಬಂದಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಗಾಡಿ ಸುಮ್ಮನಿರುತ್ತಿದ್ದೆ. ಆದರೆ ನನ್ನ ಯಜಮಾನರಾದ ಬೋಜ, ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟ ಅಭ್ಯಾಸವೇ ಇಲ್ಲದವರು, ಹೋದದ್ದು ಯಾವುದೆಂದರೆ ಇರುವುದನ್ನು ಹೇಳಿ ಬಂದಿದ್ದಾರೆ: “ಟಿಟ್ಟಿಭ ಹಕ್ಕಿ ಉಂಟಲ್ಲ, ನಮ್ಮ ಬಜಪೆಯ ಪದವಿನಲ್ಲಿ ಮೊಟ್ಟೆ ಇಟ್ಟಿದೆ ಮಾರಾಯ!” ಟಿಟ್ಟಿಭ ಅಳಿದಿಲ್ಲವಾದ್ದರಿಂದ ಯಂತ್ರ ಅದನ್ನು ಕೈಬಿಟ್ಟು, ಮಾರಾಯ ಮೊಟ್ಟೆಯಿಡುವುದು ಬಜಪೆಯ ಪದವಿನಲ್ಲಿ ಎಂದು ತೀರ್ಮಾನಿಸಿತು. ತಾವು ಅಲ್ಲಿಯೇ ಪ್ರಯೋಗಾಲಯ ಕಟ್ಟಲು ಹೊರಟಿರಿ.

ಆ ಪದವು ತಮಗೆ ಬರಿಯ ಮುರಕಲ್ಲಿನ ಬಯಲು. ಟಿಟ್ಟಿಭಕ್ಕೆ ಅದೇ ಬಾಣಂತಿ ಕೋಣೆ. ಗೂಡು ಕಟ್ಟುವ ಹಕ್ಕಿಯಲ್ಲ ಅದು; ಕಲ್ಲಿನ ನಡುವೆ ಕಲ್ಲಿನ ಬಣ್ಣದ್ದೇ ಮೊಟ್ಟೆಯಿಟ್ಟು, ನಾನು ಬಟ್ಟೆ ಒಣಗಿಸಲು ಹೋದರೆ ತಲೆಯ ಮೇಲೆ ಸುತ್ತಿ ಸುತ್ತಿ ಬೈಯುತ್ತದೆ. ನನಗೆ ಅದರ ಮೇಲೆ ಬಹಳ ಪ್ರೀತಿ. ಅದರ ಬೈಗುಳ ಕೇಳದ ದಿನ ಹೊಲಿಗೆಯೇ ಸಾಗುವುದಿಲ್ಲ.

ತಮ್ಮ ಸಾಮರ್ಥ್ಯ ಅಪಾರವಾದುದರಿಂದ ಕೇಳಿಕೊಳ್ಳುತ್ತೇನೆ: ಇಟ್ಟ ಮೊಟ್ಟೆಯನ್ನು ಹೊಟ್ಟೆಯೊಳಗೆ ವಾಪಸು ತೆಗೆದುಕೊಳ್ಳುವ ವಿದ್ಯೆಯನ್ನು ಆ ಹಕ್ಕಿಗೆ ದಯಪಾಲಿಸಬೇಕು. ಇಲ್ಲವೇ ಜೆಸಿಬಿಗೆ ಒಂದಿಷ್ಟು ಕೋಳಿಯ ಜೀನು ಸೇರಿಸಿ, ಮೊಟ್ಟೆ ಕಂಡಲ್ಲಿ ಕಾವು ಕೂರುವಂತೆ ಮಾಡಬೇಕು. ಎರಡೂ ಆಗದಿದ್ದರೆ, ಮರಿಗಳು ಹೊರಬಂದು ನಡೆದುಹೋಗುವ ತನಕವಾದರೂ ಕೆಲಸ ನಿಲ್ಲಿಸಬೇಕು. ಸತ್ತದ್ದನ್ನು ಎಬ್ಬಿಸುವವರಿಗೆ ಬದುಕಿದ್ದನ್ನು ಅದರ ಪಾಡಿಗೆ ಬಿಡುವುದು ಕಷ್ಟವಾಗಲಾರದು.

ಮಾರಾಯನ ದಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಅಪ್ಪಿ, ಬಜಪೆ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಸುದ್ದಿ ಬಂತು. ಜೆಸಿಬಿ ಓಡಿಸುವ ಕೆವಿನ್ ಚಕ್ರದ ಮುಂದೆಯೇ ಹಕ್ಕಿಯನ್ನು ಕಂಡು, ಗಾಬರಿಯಿಂದ ತಮ್ಮ ಕಚೇರಿಗೆ ಫೋನ್ ಮಾಡಿ “ಎಂತ ಮಾಡುದು? ಇಲ್ಲಿ ಮೊಟ್ಟೆ ಉಂಟು ಮಾರಾಯ್ರೇ!” ಎಂದನಂತೆ. ಫೋನ್ ಎತ್ತಿದ್ದು ಯಂತ್ರ. ಮಾರಾಯರ ಮೊಟ್ಟೆ ಪತ್ತೆಯಾದುದಕ್ಕೆ ಅವನನ್ನು ಅಭಿನಂದಿಸಿ, ಇನ್ನು ಪದವಿಗೆ ಯಾರೂ ಕಾಲಿಡಬಾರದೆಂದು ಅಪ್ಪಣೆ ಕೊಟ್ಟಿದೆ. ಆದ್ದರಿಂದ ಈ ಪತ್ರವನ್ನು ದಯವಿಟ್ಟು ಯಂತ್ರಕ್ಕೆ ಮಾತ್ರ ಓದಿಸಬೇಡಿ. ತಮ್ಮ ಕಚೇರಿಯ ಮನುಷ್ಯರು ಓದಿದರೆ ಅಡ್ಡಿಯಿಲ್ಲ. ಯಂತ್ರ ಹೇಳದೆ ಅವರು ಏನನ್ನೂ ನಂಬುವುದಿಲ್ಲವಂತೆ.