ಏಕಾದಶಿ ಮಾಡದ ಕಂಪ್ಯೂಟರ್ ಮಹಾಶಯರಿಗೆ

ರಿಗ್ಗೈ, ಕುವೈತ್
ಬುಧವಾರ, ಏಕಾದಶಿ

ಆಸ್ಪತ್ರೆಯ ದಾಖಲಾತಿ ಕೌಂಟರಿನಲ್ಲಿ, ರೋಗಿಗಳಿಗೂ ಸಿಗದ ತಂಪುಗಾಳಿಯ ಎದುರು ಬಿಜಯಂಗೈದಿರುವ ಮಾನ್ಯ ಕಂಪ್ಯೂಟರ್ ಮಹಾಶಯರೇ,

ತಲೆಬಾಗಿ ನಮಸ್ಕಾರಗಳು. ಬಾಲ್ಕನಿಯ ತುಳಸಿಯ ಮೇಲೆ ಗಾಳಿ ಸುರಿದಿದ್ದ ಮರಳನ್ನು ಒರೆಸಿ, ನೀರೆರೆದು, ದೀಪ ಹಚ್ಚಿ, ಮೀನಾ ಅಬ್ದುಲ್ಲಾ ಊರಿನ ರಿಫೈನರಿಗೆ ಕೆಲಸಕ್ಕೆ ಹೋಗುವ ಯಜಮಾನರಿಗೆ ಡಬ್ಬಿ ಕಟ್ಟಿಕೊಟ್ಟು, ನಾನು ಮಾತ್ರ ಒಂದು ಲೋಟ ನೀರು ಕುಡಿದು ಬರೆಯಲು ಕೂತಿದ್ದೇನೆ. ಉಪವಾಸದ ಹೊಟ್ಟೆಯಲ್ಲಿ ಬರೆದದ್ದು, ತಪ್ಪಿದ್ದರೆ ಮನ್ನಿಸಬೇಕು.

ನನ್ನ ಎಡಗಣ್ಣಿನ ಪೊರೆ ತೆಗೆಯಲು ಶನಿವಾರ ನಿಗದಿಯಾಗಿದೆ. ಐದು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ಯಾವುದೋ ಇಂಜೆಕ್ಷನ್ ಕೊಟ್ಟಾಗ ನಾನು ಉಸಿರುಕಟ್ಟಿ ಬಿದ್ದಿದ್ದೆ. ಅದರ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟ ಹಳೆಯ ಕಡತ ನೋಡದೆ ಕಣ್ಣು ಮುಟ್ಟುವುದಿಲ್ಲವೆಂದು ಡಾಕ್ಟರು ಖಂಡಿತವಾಗಿ ಹೇಳಿದ್ದಾರೆ. ಕಡತದ ನಂಬರು ತಮ್ಮೊಳಗಿದೆ. ಇನ್ನು ಹೆಸರು ಹೇಳಿದರೆ ಸಾಕೆಂದು ನನ್ನ ನಂಬರಿನ ಚೀಟಿಯನ್ನೂ ತಾವು ಬಂದಾಗಲೇ ವಾಪಸು ತೆಗೆದುಕೊಂಡಿದ್ದರು. ಆದರೆ ಹೋದ ತಿಂಗಳು ತಮಗೆ ಹೊಸ ವರ್ಷನ್ ಹಾಕಿದ ಮೇಲೆ ನಾನು ಮೂರು ಸಲ ಬಂದು ಹೆಸರು ಹೇಳಿದೆ, ಮೂರು ಸಲವೂ ತಾವು ಹಸಿರು ಅಕ್ಷರದಲ್ಲಿ ಇಂಥವರು ಯಾರೂ ಇಲ್ಲವೆಂದು ತಿಳಿಸಿದಿರಿ. ಎದುರಿಗೆ ನಿಂತವಳನ್ನೇ ಇಲ್ಲವೆನ್ನುವ ಜ್ಞಾನ ನಮ್ಮೂರಿನ ವೇದಾಂತಿಗಳಿಗೂ ಇಷ್ಟು ಬೇಗ ಬಂದಿರಲಿಲ್ಲ.

ಮೇಲಿನ ಮನೆಯ ಡೋಲ್ಫಿ ಶುವೈಖಿನಲ್ಲಿ ತಮ್ಮ ಕುಲಬಾಂಧವರ ಸೇವೆಯಲ್ಲಿರುವವನು. ತಮ್ಮ ಕೌಂಟರಿನವರನ್ನು ವಿಚಾರಿಸಿಕೊಂಡು ಬಂದು, “ಆಂಟಿ, ನಿಮ್ಮ ಹೆಸರು ಒಳಗೆ ಉಂಟು ಮಾರಾಯ್ರೆ, ಎಲ್ಲಿಗೂ ಹೋಗ್ಲಿಲ್ಲ. ಹುಡುಕುವ ಇಂಡೆಕ್ಸ್ ಹಳೇ ವರ್ಷನಿದ್ದು, ಹೊಸತಕ್ಕೆ ಅದು ಓದ್ಲಿಕ್ಕೆ ಬರುದಿಲ್ಲ” ಎಂದ. ಅರ್ಥವಾಯಿತು. ನನ್ನ ನಾದಿನಿ ಬಂದು ಅಡುಗೆಮನೆಯ ಡಬ್ಬಿಗಳನ್ನು ತನ್ನ ಕ್ರಮದಲ್ಲಿ ಜೋಡಿಸಿ ಹೋದಾಗ ಮೆಂತ್ಯ ಮನೆಯಲ್ಲೇ ಇತ್ತು, ನನ್ನ ಕೈಗೆ ಮಾತ್ರ ಸಿಗಲಿಲ್ಲ. ಆದರೆ ಮನೆಯಲ್ಲಿ ಮೆಂತ್ಯವೇ ಇಲ್ಲವೆಂದು ನಾನು ಯಾರಿಗೂ ಹೇಳಲಿಲ್ಲ. ತಮ್ಮಷ್ಟು ಧೈರ್ಯ ನನಗಿಲ್ಲ.

ಆ ಇಂಡೆಕ್ಸನ್ನು ಹೊಸದಾಗಿ ಕಟ್ಟಲು ಒಂದು ಇಡೀ ಹಗಲು ತಮಗೆ ಬೇರೆ ಕೆಲಸ ಕೊಡಬಾರದಂತೆ; ಕೌಂಟರು ನಿಲ್ಲಕೂಡದೆಂದು ತಮ್ಮ ಮೇಲಧಿಕಾರಿಗಳು ಒಪ್ಪುತ್ತಿಲ್ಲವಂತೆ. ಆದ್ದರಿಂದ ತಾವೇ ಮನಸ್ಸು ಮಾಡಿ ಒಂದೇ ಒಂದು ಏಕಾದಶಿ ಆಚರಿಸಬೇಕೆಂದು ಬೇಡುತ್ತೇನೆ. ಹೊರಗಿನದೇನನ್ನೂ ಸೇವಿಸದೆ ಒಂದು ದಿನ ಸುಮ್ಮನೆ ಕೂತು, ಒಳಗೆ ಯಾರ್ಯಾರಿದ್ದಾರೆಂದು ನೋಡಿಕೊಳ್ಳಿ. ಐವತ್ತು ದಾಟಿದ, ಸಕ್ಕರೆ ಕಾಯಿಲೆಯ ನಾನು ತಿಂಗಳಿಗೆ ಎರಡು ಮಾಡುತ್ತೇನೆ. ತೀರಾ ಸಂಕಟವಾದರೆ ಹಾಲು ಹಣ್ಣು ತೆಗೆದುಕೊಳ್ಳಬಹುದು, ಅಡ್ಡಿಯಿಲ್ಲ.

ತಾವು ಬಂದಿರೆಂದು ಕಡತದ ಕೋಣೆಯಿಂದ ಗೋದಾಮಿಗೆ ಕಳಿಸಲ್ಪಟ್ಟ ಅಲಿಕುಂಞಿಯವರ ಬಳಿ ಹಳೆಯ ರಿಜಿಸ್ಟರುಗಳಿವೆ. ಯಾವ ದಿನ ಯಾರು ಬಂದರು, ಅವರ ಕಡತದ ನಂಬರೇನು ಎಂದು ಅದರಲ್ಲಿದೆ. ಆದರೆ ಪುಟಗಳು ಸಾವಿರಾರು, ದಿನ ಗೊತ್ತಿಲ್ಲದೆ ಹುಡುಕುವಂತಿಲ್ಲ. ನಾನೋ, ಖಾಲಿ ಹೊಟ್ಟೆಯ ರಕ್ತ ಪರೀಕ್ಷೆಗೆ ಏಕಾದಶಿಯ ದಿನವೇ ಬರುವವಳು. ಹೇಗೂ ಉಪವಾಸ, ಇನ್ನೊಂದು ದಿನ ಯಾಕೆ ಹಸಿಯಬೇಕು? ಹಳೆಯ ಪಂಚಾಂಗಗಳಲ್ಲಿ ಏಕಾದಶಿಗಳಿಗೆಲ್ಲ ಕುಂಕುಮದ ಬೊಟ್ಟಿಟ್ಟು, ಬೆಳಿಗ್ಗೆಯೇ ಡೋಲ್ಫಿಯ ಕೈಯಲ್ಲಿ ಅವರಿಗೆ ಕಳಿಸಿದ್ದೇನೆ.

ತಮ್ಮ ಪಾಲಿಗೆ ಇಲ್ಲದಿದ್ದರೂ
ತಮ್ಮ ವಿಶ್ವಾಸಿ,
ಸರಸಮ್ಮ ಅನಂತರಾಮು

ತಾ.ಕ.: ಸಂಜೆ ಅಲಿಕುಂಞಿಯವರು ಕಡತವನ್ನು ಎದೆಗವಚಿಕೊಂಡು ಬಂದರು. ಮೂರನೆಯ ಬೊಟ್ಟಿಗೇ ನಂಬರು ಸಿಕ್ಕಿತಂತೆ. ಕೆಂಪು ಶಾಯಿ ಹಾಗೆಯೇ ಇದೆ; ಶನಿವಾರ ಕಣ್ಣಿನ ಕೆಲಸ ಆಗುತ್ತದೆ. ಆದರೂ ನನ್ನ ಬೇಡಿಕೆಯನ್ನು ಹಿಂದಕ್ಕೆ ಪಡೆಯುವುದಿಲ್ಲ. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಕುಂಞಿಪಾತುಮ್ಮನವರನ್ನೂ ತಾವು ಇಲ್ಲವೆಂದೇ ಕಳಿಸಿದಿರಿ, ಅವರು ಏಕಾದಶಿ ಮಾಡುವವರಲ್ಲ. ಉತ್ತರ ತೆಗೆದುಕೊಳ್ಳಲು ಅಲಿಕುಂಞಿಯವರೇ ಬರುತ್ತಾರೆ. ದಯವಿಟ್ಟು ಅವರ ಕೈಗೇ ಕೊಡಿ, ತಾವು ಮಾತ್ರ ಎಲ್ಲೂ ಎತ್ತಿಡಬೇಡಿ.